ಕೊಲಂಬೊದಲ್ಲಿ ಬಡಿಸಿಟ್ಟಿದ್ದ ಅನ್ನ

ಮೊನ್ನೆ ಆಂಡರ್ಸನ್‌ಪೇಟೆಯ ಹಿಟ್ಟಿನ ಮಿಲ್ಲಿನ ಮುಂದೆ ಹಾದು ಬರುತ್ತಿದ್ದೆ. ಒಳಗೆ ಯಾರೋ ಮಸಾಲೆ ಪುಡಿ ಮಾಡಿಸುತ್ತಿದ್ದರು. ಬಿಸಿ ಚಕ್ಕೆಯ ವಾಸನೆ ಮೂಗಿಗೆ ಬಡಿದದ್ದೇ ಕಾಲು ಅಲ್ಲೇ ನಿಂತುಬಿಟ್ಟಿತು. ಚಕ್ಕೆ, ತೆಂಗಿನ ಹಾಲು, ಕತ್ತಲೆಯ ಒಂದು ಓಣಿಮನೆ... ಅರವತ್ತು ವರ್ಷದ ಹಿಂದಿನ ಒಂದು ಮಧ್ಯಾಹ್ನ.

ಆಗ ನಾನು ಊರಿಗಾಂನ ಚಿನ್ನದ ಗಣಿಯಲ್ಲಿ ಹಾಜರಿ ಬರೆಯುವ ಗುಮಾಸ್ತ. ನನ್ನ ಗೆಳೆಯ ಭೂಮಿಯೊಳಗೆ ಇಳಿದು ಮರದ ದಿಮ್ಮಿಗಳ ಆಸರೆ ನಿಲ್ಲಿಸುವವನು. ಅವನು ಹುಟ್ಟಿದ ಎರಡೇ ತಿಂಗಳಿಗೆ ತಾಯಿ ಸತ್ತಿದ್ದಳು. ಬಂಗಾರಪೇಟೆಯಲ್ಲಿದ್ದ ಅಕ್ಕನೇ ಸಾಕಿ ದೊಡ್ಡವನನ್ನಾಗಿ ಮಾಡಿದ್ದಳು. ಕಷ್ಟ ಹೇಳಿಕೊಳ್ಳುವ ಜಾತಿಯಲ್ಲ ಅವನು, ನಗಿಸುವವನು. ಕೊಲಂಬೊದಲ್ಲಿ ನನ್ನ ಸೋದರಮಾವನ ಅಂಗಡಿ ಇತ್ತು. ಇಬ್ಬರೂ ರಜಾ ಹಾಕಿ, ಹಡಗು ಹತ್ತಿ, ಎಂಟು ದಿನಕ್ಕೆಂದು ಹೋಗಿದ್ದೆವು.

ಊರಿಗೆ ಮರಳುವ ಹಡಗು ಹಿಡಿಯಲು ಕೊನೆಯ ದಿನ ಸಂಜೆ ರೈಲು. ಬೆಳಿಗ್ಗೆ ಅಕ್ಕನಿಗೆ ಸೀರೆ ತೆಗೆದುಕೊಂಡು, ಬಿಸಿಲಿಗೆ ಬೇಸತ್ತು ಒಂದು ಸಂದಿಯೊಳಗೆ ತಿರುಗಿದೆವು. ಒಂದು ಬಾಗಿಲಲ್ಲಿ ಮುದುಕಿಯೊಬ್ಬಳು ನಿಂತಿದ್ದಳು. ಇವನನ್ನು ನೋಡಿ ತಮಿಳಿನಲ್ಲಿ, "ಯಾಕಪ್ಪಾ ಇಷ್ಟೊತ್ತು? ಅನ್ನ ಆರಿಹೋಗುತ್ತೆ, ಬಾ" ಎಂದಳು. ಗದರಿಕೆಯಲ್ಲ, ಅಳುವೂ ಅಲ್ಲ. ಬೆಳಿಗ್ಗೆ ಹೋದ ಮಗನನ್ನು ಮಧ್ಯಾಹ್ನ ಕರೆದಂತಿತ್ತು.

ನಾನು ನಕ್ಕೆ. ಅವನು ನಗಲಿಲ್ಲ. ಚಪ್ಪಲಿ ಬಿಟ್ಟು ಒಳಗೆ ನಡೆದ.

ಒಳಗೆ ಓಣಿಯಂಥ ಉದ್ದನೆಯ ದಾರಿ, ತಲೆಯ ಮೇಲೇನಿದೆ ಎಂದು ಕಾಣದಷ್ಟು ಕತ್ತಲೆ. ಮುಂದೆ ಹೋಗುತ್ತಿದ್ದ ಅವನು ನಡುವೆ ಒಂದು ಕಡೆ ತಲೆ ತಗ್ಗಿಸಿ ದಾಟಿದ. ಹಿಂದೆಯೇ ಹೋದ ನನ್ನ ಹಣೆಗೆ ತೊಲೆ ಹೊಡೆಯಿತು. ಹಣೆ ಉಜ್ಜಿಕೊಳ್ಳುತ್ತಾ ಯೋಚಿಸಿದೆ, ಇವನಿಗೆ ಹೇಗೆ ಗೊತ್ತಾಯಿತು? ನೋಡುತ್ತಿದ್ದಂತೆ ಅವನು ಅಂಗಿ ಬಿಚ್ಚಿ, ತಿರುಗಿಯೂ ನೋಡದೆ, ಬಾಗಿಲ ಹಿಂದಿನ ಮೊಳೆಗೆ ಸಿಕ್ಕಿಸಿದ. ಅಡುಗೆಮನೆಯಲ್ಲಿ ಒಂದು ತಟ್ಟೆಗೆ ಅನ್ನ ಬಡಿಸಿಟ್ಟಿತ್ತು. ಚಕ್ಕೆ, ತೆಂಗಿನ ಹಾಲು ಹಾಕಿದ ಸಾರಿನಿಂದ ಹಬೆ ಆಡುತ್ತಿತ್ತು.

ಮುದುಕಿಯ ಮಗಳು ನನ್ನನ್ನು ಹಿತ್ತಲಿಗೆ ಕರೆದು ಪಿಸುಗುಟ್ಟಿದಳು. ಅವಳಣ್ಣ ಆರು ವರ್ಷದ ಹಿಂದೆ ಬಂದರಿಗೆ ಕೆಲಸಕ್ಕೆ ಹೋದವನು ತಿರುಗಿ ಬಂದಿಲ್ಲ, ಹೆಣವೂ ಸಿಕ್ಕಿಲ್ಲ. ತಾಯಿ ಅಂದಿನಿಂದ ದಿನಾ ಒಂದು ತಟ್ಟೆ ಬಡಿಸಿಡುತ್ತಾಳೆ. "ಬಾಗಿಲಿಗೆ ಹೋಗಿ ಕರೆದದ್ದು ಮಾತ್ರ ಇವತ್ತೇ" ಎಂದಳು. ಅಣ್ಣನ ಫೋಟೊ ತೋರಿಸಿದಳು. ಉದ್ದ ಮುಖ, ಗುಂಗುರು ಕೂದಲು... ನನ್ನ ಗೆಳೆಯನಿಗೂ ಆ ಮುಖಕ್ಕೂ ಎಳ್ಳಷ್ಟೂ ಹೋಲಿಕೆ ಇರಲಿಲ್ಲ. ಹೋಲಿಕೆ ಇದ್ದಿದ್ದರೆ ನನಗೆ ಅಷ್ಟು ಭಯವಾಗುತ್ತಿರಲಿಲ್ಲವೇನೋ.

ಒಳಗೆ ಬಂದಾಗ ಅವನು ಆ ತಟ್ಟೆಯ ಅನ್ನ ಉಂಡು ಮುಗಿಸಿದ್ದ. "ಏಳ್ಲಾ, ಒತ್ತಾಯ್ತು" ಎಂದೆ.

"ನೀನ್ ಓಗು. ಅಮ್ಮಂದು ಊಟ ಆಗ್ಲಿ, ಟೇಸನ್‌ಗೆ ಬತ್ತೀನಿ."

ಅಮ್ಮ ಅನ್ನುವ ಮಾತನ್ನು ಅವನ ಬಾಯಲ್ಲಿ ನಾನು ಕೇಳಿದ್ದು ಅದೇ ಮೊದಲು.

ಸ್ಟೇಷನ್ನಿಗೆ ಬಂದ, ಆದರೆ ಪೆಟ್ಟಿಗೆಯಿಲ್ಲದೆ, ಬರಿಗೈಲಿ. ಕಿಟಕಿಯ ಹತ್ತಿರ ನಿಂತು, "ನಿನ್ ಅತ್ರ ಇರೋ ಸೀರೆ ಅಕ್ಕಂಗೆ ಕೊಟ್ಬುಡು. ನಾನು ಬರಾಕಾಗಲ್ಲ ಕಣ್ಲಾ" ಎಂದ.

"ತಲೆ ಕೆಟ್ಟೈತಾ? ಪರ್ಮಿಟ್ ಮುಗುದ್ರೆ ಇಲ್ಲಿ ಪೊಲೀಸ್ನೋರು ಇಡ್ಕೊಂಡೋಗ್ತಾರೆ. ಅಲ್ಲಿ ಕೆಲ್ಸ ಓಗ್ತದೆ. ಯಾರ್ಲಾ ಆಯಮ್ಮ ನಿಂಗೆ?"

ಅವನು ನನ್ನ ಕೈ ಹಿಡಿದುಕೊಂಡ. "ಗೊತ್ತಿಲ್ಲ. ಆದ್ರೆ ಆ ಮನೆ ನಂಗೆ ಗೊತ್ತು" ಎಂದ. ರೈಲು ಹೊರಟಿತು. ಅವನು ಕೈ ಬೀಸಲಿಲ್ಲ. ಮನೆ ಕಡೆ ಹೋಗುವ ಅವಸರದಲ್ಲಿದ್ದವನಂತೆ ಬೆನ್ನು ತಿರುಗಿಸಿದ.

ಬಂಗಾರಪೇಟೆ ಸ್ಟೇಷನ್ನಿನಲ್ಲಿ ಅಕ್ಕ ಕಾಯುತ್ತಿದ್ದಳು. ನಾನೊಬ್ಬನೇ ಇಳಿದದ್ದನ್ನು ನೋಡಿ ಬೆಂಚಿನ ಮೇಲೆ ಕೂತುಬಿಟ್ಟಳು. ನಡೆದದ್ದೆಲ್ಲ ಹೇಳಿದೆ. ಬೈಯಲಿಲ್ಲ, ಅಳಲಿಲ್ಲ. ಒಂದೇ ಮಾತು ಕೇಳಿದಳು.

"ಆಯಮ್ಮನ ಕೈಲಿ ಉಂಡನಾ?"

"ಉಂಡ."

"ಅಂಗಾದ್ರೆ ಬರಲ್ಲ ಬುಡಪ್ಪಾ."

ಆಮೇಲೆ ಅವನಿಂದ ಎರಡು ಕಾಗದ ಬಂದವು. ಅಕ್ಕನಿಗೆ ಓದು ಬರದು. ಎರಡನ್ನೂ ನಾನೇ ಓದಿ ಹೇಳಿದೆ. ಎರಡನೆಯದರಲ್ಲಿ, ಬಂದರಿನಲ್ಲಿ ಮೂಟೆ ಹೊರುವ ಕೆಲಸ ಸಿಕ್ಕಿದೆ ಎಂದು ಬರೆದಿದ್ದ. ಆ ಸಾಲನ್ನು ಮಾತ್ರ ಬೇಗ ಓದಿ ಮುಗಿಸಿದೆ. ಮೂರನೆಯ ಕಾಗದ ಬಂದದ್ದು ನನ್ನ ಮಾವನಿಂದ. ಒಂದು ಬೆಳಿಗ್ಗೆ ಕೆಲಸಕ್ಕೆ ಹೋದವನು ಮನೆಗೆ ಬರಲಿಲ್ಲವಂತೆ. ಎಲ್ಲ ಕಡೆ ಹುಡುಕಿಸಿದರಂತೆ. ಆ ಮುದುಕಿ ಈಗ ದಿನಾ ಎರಡು ತಟ್ಟೆಗೆ ಬಡಿಸುತ್ತಾಳಂತೆ...

ಆ ಕಾಗದವನ್ನು ನಾನು ಅಕ್ಕನಿಗೆ ತೋರಿಸಲಿಲ್ಲ. ಐದಾರು ತಿಂಗಳಿಗೊಮ್ಮೆ ಯಾವುದೋ ಹಾಳೆ ಹಿಡಿದುಕೊಂಡು ಹೋಗಿ, ಚೆನ್ನಾಗಿದ್ದಾನೆ, ನಿನ್ನನ್ನು ಕೇಳಿದ್ದಾನೆ ಎಂದು ಓದುತ್ತಿದ್ದೆ. ಹೀಗೆ ನಾಲ್ಕು ವರ್ಷ ನಡೆಯಿತು. ಒಂದು ದಿನ ಅವಳು ನನ್ನ ಕೈಯಿಂದ ಹಾಳೆ ತೆಗೆದುಕೊಂಡು ಮಡಿಸಿ, "ಸಾಕು ಬುಡಪ್ಪಾ, ನಿಂಗೂ ಸುಸ್ತಾಯ್ತದೆ" ಎಂದಳು. ಆಮೇಲೆ ನಮ್ಮಿಬ್ಬರ ನಡುವೆ ಅವನ ಮಾತೇ ಬರಲಿಲ್ಲ.

ಈಗ ಅಕ್ಕ ಇಲ್ಲ, ಮಾವನೂ ಇಲ್ಲ. ಅವನಿಗೆಂದು ಇಲ್ಲಿ ಯಾರೂ ಒಂದು ಬೊಗಸೆ ಎಳ್ಳುನೀರು ಬಿಟ್ಟಿಲ್ಲ. ಸತ್ತ ಎಂದು ಹೇಳಬೇಕಾದವನು ನಾನೊಬ್ಬನೇ. ನಾನು ಇವತ್ತಿಗೂ ಹೇಳಿಲ್ಲ.