ನಿಧನವಲ್ಲ, ನಿಧಾನ

ಅವನು ಕಾಯಲಾರದ ಮನುಷ್ಯ. ಕಾಯಲಾರದವರು ಲೋಕದಲ್ಲಿ ಬೇಕಾದಷ್ಟು ಜನ ಇದ್ದಾರೆ, ಅದೇನು ದೊಡ್ಡ ಅಪರಾಧವಲ್ಲ. ಆದರೆ ಇವನು ತನ್ನ ಅವಸರವನ್ನು ಬುದ್ಧಿವಂತಿಕೆ ಎಂದೂ ಇನ್ನೊಬ್ಬರ ಸಾವಧಾನವನ್ನು ದಡ್ಡತನ ಎಂದೂ ತಿಳಿದಿದ್ದ, ತಿಳಿದದ್ದನ್ನು ಬಾಯಿಬಿಟ್ಟು ಹೇಳುತ್ತಲೂ ಇದ್ದ. ಅಂಥವನ ಬಗ್ಗೆ ಒಳ್ಳೆಯ ಮಾತಾಡುವುದು ಕಷ್ಟ.

ಕಂಪ್ಯೂಟರುಗಳನ್ನು ಒಂದಕ್ಕೊಂದು ಜೋಡಿಸುವುದು, ಜೋಡಣೆ ಕೆಟ್ಟರೆ ಸರಿಮಾಡುವುದು ಅವನ ಕಸುಬು. ಒಂದು ಶಾಲೆ, ಒಂದು ಮುದ್ರಣಾಲಯ, ಎರಡು ಗೋದಾಮು, ಒಂದು ಕಣ್ಣಾಸ್ಪತ್ರೆ, ಹೀಗೆ ಒಟ್ಟು ಹನ್ನೊಂದು ಕಡೆಯ ಜವಾಬ್ದಾರಿ. ಹೆಗಲಿಗೆ ಸದಾ ಒಂದು ಕಪ್ಪು ಬ್ಯಾಗು. ಕೆಲಸ ಮಾಡುವಾಗಲೂ ಅದನ್ನು ಇಳಿಸುತ್ತಿರಲಿಲ್ಲ; ಇಳಿಸಿದರೆ ಮತ್ತೆ ಏರಿಸಬೇಕಲ್ಲ, ಅಷ್ಟು ಹೊತ್ತು ದಂಡ. ಕುರ್ಚಿ ಕೊಟ್ಟರೆ ಕೂರುತ್ತಿರಲಿಲ್ಲ. ನಿಂತು, ಬಗ್ಗಿ, ಒಂದು ಕೈಯಲ್ಲಿ ಮೌಸು, ಇನ್ನೊಂದರಲ್ಲಿ ಫೋನು. ಕಣ್ಣಾಸ್ಪತ್ರೆಯಲ್ಲಿ ಯಾರಾದರೂ "ನೆಟ್‌ವರ್ಕ್‌ನವರು ಬಂದ್ರಾ?" ಎಂದು ಕೇಳಿದರೆ ಸಿಗುತ್ತಿದ್ದ ಉತ್ತರ ಒಂದೇ: "ಬಂದು ಹೋದ್ರು." ಬರಬರುತ್ತ ಅದೇ ಅವನ ಹೆಸರಾಯಿತು. "ಬಂದೋದ್ರಿಗೆ ಫೋನ್ ಮಾಡಿ", "ಬಂದೋದ್ರು ಇನ್ನೂ ಬಂದಿಲ್ಲ" ಎಂದು ಜನ ಸಹಜವಾಗಿಯೇ ಹೇಳುತ್ತಿದ್ದರು. ಅವನಿಗೂ ಗೊತ್ತಿತ್ತು. ಅದನ್ನು ಹೊಗಳಿಕೆ ಎಂದುಕೊಂಡಿದ್ದ.

ಅವನು ಏಳು ತಿಂಗಳಿಗೇ ಹುಟ್ಟಿದವನು. "ಒಳಗೂ ಕೂರೋಕಾಗ್ಲಿಲ್ಲ ಇವನಿಗೆ. ನಾನು ಹೆತ್ತಿದ್ದು ಮಗನನ್ನೋ ಮಿಕ್ಸಿಯನ್ನೋ ಗೊತ್ತಿಲ್ಲ," ಎಂದು ಅವನ ತಾಯಿ ಬಂದವರಿಗೆಲ್ಲ ಹೇಳುತ್ತಿದ್ದಳು. ಅವಳಿಗೆ ಮಂಡಿನೋವು. ಮೂರನೆಯ ಮಹಡಿಯಿಂದ ಅವಳು ಇಳಿದು ಬರುವಷ್ಟರಲ್ಲಿ ಇವನು ಕೆಳಗೆ ಸ್ಕೂಟರಿಗೆ ಎರಡು ಸಲ ಕಿಕ್ ಹೊಡೆದು, ಎರಡು ಸಲ ಆರಿಸಿ, ನಾಲ್ಕು ಫೋನು ಮಾಡಿ ಮುಗಿಸಿರುತ್ತಿದ್ದ. "ನಿಧಾನ ಕಣೋ, ನಿಧಾನ" ಎಂಬುದು ಅವಳು ಅವನಿಗೆ ಕಲಿಸಲು ಹೊರಟ ಮೊದಲ ಪಾಠ, ಕಲಿಸಲಾಗದ ಒಂದೇ ಪಾಠ. ಶಾಲೆಯ ಕೊನೆಯ ವರ್ಷ ಗಣಿತದ ಪರೀಕ್ಷೆಯಲ್ಲಿ ಎಲ್ಲರಿಗಿಂತ ಅರ್ಧ ಗಂಟೆ ಮೊದಲು ಉತ್ತರಪತ್ರಿಕೆ ಕೊಟ್ಟು ಹೊರಗೆ ಬಂದು ಎದೆಯುಬ್ಬಿಸಿ ನಿಂತಿದ್ದ. ಪ್ರಶ್ನೆಪತ್ರಿಕೆಗೆ ಹಿಂಬದಿಯೂ ಇತ್ತು ಎಂಬುದು ಉಳಿದ ಹುಡುಗರು ಹೊರಗೆ ಬಂದ ಮೇಲೆ ತಿಳಿಯಿತು. ಇಪ್ಪತ್ತೆರಡು ವರ್ಷ ಕಳೆದರೂ ಅವನು ಹಿಂಬದಿ ನೋಡುವುದನ್ನು ಕಲಿತಿರಲಿಲ್ಲ.

ಕಣ್ಣಾಸ್ಪತ್ರೆಯ ನೆಲಮಹಡಿಯ ತುದಿಯಲ್ಲಿ ಸ್ಕ್ಯಾನ್ ಕೋಣೆ. ಪಾಪೆ ಹಿಗ್ಗಿಸುವ ಹನಿ ಹಾಕಿಸಿಕೊಂಡ ರೋಗಿಗಳನ್ನು ಅಲ್ಲಿ ಯಂತ್ರದ ಮುಂದೆ ಕೂರಿಸಿ, ಗದ್ದ ಇರಿಸಿ, ಕಣ್ಣಿನ ಒಳಪದರದ ಚಿತ್ರ ತೆಗೆಯುತ್ತಾರೆ. ಚಿತ್ರಗಳು ಆಸ್ಪತ್ರೆಯ ಸರ್ವರಿಗೆ ಹೋಗಬೇಕು, ಮೇಲಿನ ಮಹಡಿಯ ಡಾಕ್ಟರು ಅಲ್ಲಿಂದ ತೆಗೆದು ನೋಡಬೇಕು. ಹೋಗುವುದು ತಡವಾದರೆ ಸಾಲು ಬೆಳೆಯುತ್ತದೆ, ಹನಿಯ ಶಕ್ತಿ ಇಳಿಯುತ್ತದೆ, ಮಬ್ಬುಗಣ್ಣಿನಲ್ಲಿ ಗೋಡೆ ಹಿಡಿದು ಕೂತವರಿಗೆ ಮತ್ತೆ ಹನಿ ಹಾಕಬೇಕಾಗುತ್ತದೆ. ಈ ಕೋಣೆಯಲ್ಲಿ ಹದಿನಾರು ವರ್ಷದಿಂದ ಕೆಲಸ ಮಾಡುತ್ತಿದ್ದವಳನ್ನು ಎಲ್ಲರೂ ಸ್ಕ್ಯಾನ್ ಅಕ್ಕ ಎನ್ನುತ್ತಿದ್ದರು. ಮಾತು ಕಡಿಮೆ, ಕೈ ಸ್ಥಿರ. ಅಳುವ ಮಗುವಿನ ಕಣ್ಣಿನ ಚಿತ್ರವನ್ನೂ ಒಂದೇ ಸಲಕ್ಕೆ ತೆಗೆಯುವವಳು.

ಒಂದು ದಿನ ಅವಳು ಗುಮಾಸ್ತನ ಹತ್ತಿರ ಹೋಗಿ, ಕಂಪ್ಯೂಟರ್ ನಿಧಾನವಾಗಿದೆ, ದೂರಿನ ರಿಜಿಸ್ಟರಿನಲ್ಲಿ ಬರೆಯಿರಿ ಎಂದಿದ್ದಳು. ಗುಮಾಸ್ತ ಒಂದು ಕಿವಿಯಲ್ಲಿ ಫೋನಿಟ್ಟುಕೊಂಡೇ ಬರೆದ. ಬರೆಯುವಾಗ ಒಂದು ದೀರ್ಘ ಬಿಟ್ಟುಹೋಯಿತು. "ಸ್ಕ್ಯಾನ್ ರೂಮ್ ಕಂಪ್ಯೂಟರ್ ನಿಧನ." ಆ ಪುಟದ ಫೋಟೋ ಬಂದೋದ್ರಿಗೆ ಹೋಯಿತು.

ಕಂಪ್ಯೂಟರ್ ತೀರಿಕೊಂಡಿದೆ ಎಂದುಕೊಂಡು ಅವನು ಮುದ್ರಣಾಲಯದ ಕೆಲಸವನ್ನು ಅರ್ಧಕ್ಕೆ ಬಿಟ್ಟು, ಬದಲಿ ಯಂತ್ರವನ್ನು ಸ್ಕೂಟರಿಗೆ ಕಟ್ಟಿಕೊಂಡು ಏದುಸಿರು ಬಿಡುತ್ತ ಬಂದ. ನೋಡಿದರೆ ಸ್ಕ್ಯಾನ್ ರೂಮಿನ ಕಂಪ್ಯೂಟರ್ ಗುಂಡುಕಲ್ಲಿನ ಹಾಗಿತ್ತು. ಅವನ ಪಿತ್ತ ನೆತ್ತಿಗೇರಿತು.

"ಸತ್ತಿಲ್ಲ ಸರ್, ಕಳಿಸೋವಾಗ ತುಂಬ ನಿಧಾನ," ಎಂದಳು ಸ್ಕ್ಯಾನ್ ಅಕ್ಕ.

ಅವನು ಸರ್ವರಿನಿಂದ ಒಂದು ದೊಡ್ಡ ಫೈಲನ್ನು ಈ ಯಂತ್ರಕ್ಕೆ ಎಳೆದುಕೊಂಡ. ಐದು ಸೆಕೆಂಡಿನಲ್ಲಿ ಬಂತು. "ನೋಡಿದ್ರಲ್ಲ? ಓಡ್ತಾ ಇದೆ," ಎಂದ. ಅವಳು ಬಾಯಿ ತೆರೆಯುವಷ್ಟರಲ್ಲಿ ಬಾಗಿಲಾಚೆ ಇದ್ದ. ರಿಜಿಸ್ಟರಿನಲ್ಲಿ ನಿಂತೇ ಗೀಚಿದ: "ನಿಧನವಲ್ಲ, ನಿಧಾನ. ಯಂತ್ರದ್ದಲ್ಲ, ಕೈಯದು." ಬರೆದದ್ದನ್ನು ನೋಡಿ ಅವನಿಗೇ ನಗು ಬಂತು. ಗುಮಾಸ್ತನೂ ನಕ್ಕ. ಸಂಜೆಯ ಹೊತ್ತಿಗೆ ಆ ಎರಡು ಸಾಲು ಆಸ್ಪತ್ರೆಯಲ್ಲೆಲ್ಲ ಬಾಯಿಂದ ಬಾಯಿಗೆ ಹೋಗಿತ್ತು.

ಜೋಕು ಹೇಳಿದವನು ಮರೆತ. ಆದರೆ ರಿಜಿಸ್ಟರಿನಲ್ಲಿರುವುದನ್ನು ಜೋಕು ಎಂದು ಯಾರೂ ಓದುವುದಿಲ್ಲ.

ಮೂರು ವಾರದ ಮೇಲೆ ಒಂದು ಗುರುವಾರ ಬೆಳಿಗ್ಗೆ ಅವನು ಕೌಂಟರಿನ ಪ್ರಿಂಟರ್ ನೋಡಲು ಬಂದ. ಗುರುವಾರ ಆಪರೇಷನ್ ದಿನ, ಸ್ಕ್ಯಾನ್ ಇರುವುದಿಲ್ಲ. ಮೆಟ್ಟಿಲ ಬಳಿ ಕೂತಿದ್ದ ಆಂಬುಲೆನ್ಸ್ ಡ್ರೈವರ್ ಅವನನ್ನು ಕಂಡವನೇ ಹೇಳಿದ: "ನಿಮ್ಮ ಜೋಕ್ ಕೆಲಸ ಮಾಡ್ತು ಸರ್. ಸ್ಕ್ಯಾನ್ ಅಕ್ಕನ್ನ ಹಳೇ ಫೈಲ್‌ಗಳ ಕೋಣೆಗೆ ಹಾಕ್ತಿದಾರೆ. ಕೈ ನಿಧಾನ ಅಂತೆ. ಸೋಮವಾರದಿಂದ ಹೊಸಬರು."

"ಯಾರು ಹೇಳಿದ್ದು?"

"ದೊಡ್ಡ ಡಾಕ್ಟರಮ್ಮ. ಆರ್ಡರ್ ಟೈಪ್ ಆಗಿದೆ. ಇವತ್ತು ಆಪರೇಷನ್ ಮುಗಿಸಿ ಬಂದು ಸೈನ್ ಹಾಕೋದೊಂದು ಬಾಕಿ."

ಪ್ರಿಂಟರಿನ ಕೆಲಸ ಆರು ನಿಮಿಷದಲ್ಲಿ ಮುಗಿಯಿತು. ಹೊರಟವನು ಹೊರಟುಹೋಗಬಹುದಿತ್ತು. ಕಾಲು ಮಾತ್ರ ನೆಲಮಹಡಿಯ ತುದಿಗೆ ನಡೆಯಿತು. ಯಾಕೆ ಎಂದು ಕೇಳಿದ್ದರೆ, ಆ ಕಡೆ ಸಿಗ್ನಲ್ ಚೆನ್ನಾಗಿದೆ ಎನ್ನುತ್ತಿದ್ದ.

ಸ್ಕ್ಯಾನ್ ಅಕ್ಕ ಯಂತ್ರದ ಗದ್ದಪಟ್ಟಿಯನ್ನು ಒರೆಸುತ್ತಿದ್ದಳು. ಅವನನ್ನು ನೋಡಿ ನಗಲೂ ಇಲ್ಲ, ಮುಖ ತಿರುಗಿಸಲೂ ಇಲ್ಲ. ಖಾನೆಯಿಂದ ಒಂದು ಗೆರೆ ಪುಸ್ತಕ ತೆಗೆದು ಕೊಟ್ಟಳು.

"ಎರಡು ನಿಮಿಷ ಸಾಕು. ನಿಂತೇ ಓದಬಹುದು."

ಪುಸ್ತಕದಲ್ಲಿ ದಿನಕ್ಕೊಂದು ಪುಟ. ಪ್ರತಿ ರೋಗಿಯ ಚಿತ್ರ ಕಳಿಸಲು ಗುಂಡಿ ಒತ್ತಿದ ಗಳಿಗೆ, ಸರ್ವರಿಗೆ ತಲುಪಿದ ಗಳಿಗೆ. ನಾಲ್ಕು ನಿಮಿಷ. ನಾಲ್ಕೂಕಾಲು. ಮೂರು ಮುಕ್ಕಾಲು. ಅಂಚಿನಲ್ಲಿ ಇನ್ನೊಂದು ಲೆಕ್ಕ: ಅದೇ ರೋಗಿಯ ಹಳೆಯ ಚಿತ್ರ ಸರ್ವರಿನಿಂದ ತರಿಸಲು ಐದು ಸೆಕೆಂಡು, ಆರು ಸೆಕೆಂಡು. ಮೊದಲ ಪುಟದ ಮೇಲೆ ಒಂದು ಸಾಲು: "ಹತ್ತನೇ ತಾರೀಖಿನವರೆಗೆ ಕಳಿಸಲೂ ಆರು ಸೆಕೆಂಡು."

ಹತ್ತನೇ ತಾರೀಖು. ಆ ದಿನ ಅವನು ಇಲ್ಲಿಗೆ ಬಂದಿದ್ದ. ನೆಟ್‌ವರ್ಕ್ ಕಾರ್ಡಿನ ಹೊಸ ಡ್ರೈವರ್ ತಂತ್ರಾಂಶ ಬಂದಿದೆ ಎಂದು ಪರದೆ ಹೇಳಿತ್ತು. ಏನು ಎತ್ತ ಎಂದು ಓದದೆ ಹಾಕಿ, ಗೋದಾಮಿಗೆ ಓಡಿದ್ದ.

"ತರಿಸೋದಲ್ಲ ಸರ್," ಎಂದಳು ಅವಳು. "ಕಳಿಸೋದು. ಅವತ್ತೂ ಅದನ್ನೇ ಹೇಳಿದೆ. ನೀವು ತರಿಸಿ ನೋಡಿ ಹೋದ್ರಿ."

ಪ್ರಶ್ನೆಪತ್ರಿಕೆಯ ಹಿಂಬದಿ ಮತ್ತೊಮ್ಮೆ ಕಣ್ಣಿಗೆ ಹೊಡೆಯಿತು.

ಅವನು ಒಂದು ಹಳೆಯ ಫೈಲನ್ನು ಸರ್ವರಿಗೆ ಕಳಿಸಿದ. ಹಸಿರು ಪಟ್ಟಿ ಒಂದಿಷ್ಟು ಓಡಿ ನಿಂತಿತು. ಮತ್ತೆ ಒಂದು ಚೂರು ಸರಿಯಿತು, ಮತ್ತೆ ನಿಂತಿತು. ನಾಲ್ಕು ನಿಮಿಷ ಎಂದರೆ ಎಷ್ಟು ಉದ್ದ ಎಂದು ಅವನಿಗೆ ಜೀವನದಲ್ಲಿ ಗೊತ್ತಿರಲಿಲ್ಲ. ಬಾಗಿಲಿನವರೆಗೆ ಹೋದ, ಬಂದ. ಬೆರಳಿನಿಂದ ಮೇಜು ಕುಟ್ಟಿದ. ಫೋನು ತೆಗೆದ, ಒಳಗಿಟ್ಟ. ನಲವತ್ತಮೂರು ಪ್ರತಿಶತದಲ್ಲಿ ಪಟ್ಟಿ ಅಂಟಿಕೊಂಡಂತೆ ನಿಂತಾಗ ಅದನ್ನು ಉಗುರಿನಿಂದ ಮುಂದಕ್ಕೆ ತಳ್ಳಬೇಕು ಎನಿಸಿತು.

"ಕೂತ್ಕೊಳ್ಳಿ. ನಿಂತ್ರೆ ಬೇಗ ಹೋಗಲ್ಲ ಅದು. ನಾನು ನಿಂತೂ ನೋಡಿದ್ದೀನಿ," ಎಂದಳು ಅವಳು.

ಅವನು ಕೂರಲಿಲ್ಲ. ಕೇಬಲ್ ಬದಲಿಸಿದ, ನಾಲ್ಕು ನಿಮಿಷ. ಗೋಡೆಯ ಇನ್ನೊಂದು ತೂತಿಗೆ ಚುಚ್ಚಿದ, ನಾಲ್ಕು ನಿಮಿಷ. ವೈರಸ್ ತಡೆಯುವ ತಂತ್ರಾಂಶವನ್ನು ತುಸು ಹೊತ್ತು ಆರಿಸಿದ. ಮೂರು ಮುಕ್ಕಾಲು, ಒಂದು ಗಳಿಗೆ ಆಸೆ ಹುಟ್ಟಿತು, ಮುಂದಿನ ಸಲ ಮತ್ತೆ ನಾಲ್ಕು. ಪಕ್ಕದ ಕೋಣೆಯ ಕಂಪ್ಯೂಟರಿನಿಂದ ಅದೇ ಫೈಲು ಕಳಿಸಿದರೆ ಆರು ಸೆಕೆಂಡು. ಹಾಗಾದರೆ ದಾರಿ ಸರಿಯಿದೆ, ಸರ್ವರ್ ಸರಿಯಿದೆ. ರೋಗ ಇರುವುದು ಈ ಡಬ್ಬದ ಹೊಟ್ಟೆಯಲ್ಲೇ.

ದೊಡ್ಡ ಫೈಲು ಇಡಿಯಾಗಿ ತಂತಿಯಲ್ಲಿ ಹೋಗುವುದಿಲ್ಲ, ಚೂರು ಚೂರಾಗಿ ಹೋಗುತ್ತದೆ. ಕತ್ತರಿಸುವ ಆ ಕೆಲಸವನ್ನು ಕಂಪ್ಯೂಟರು ತಾನೇ ಮಾಡಬಹುದು, ಇಲ್ಲವೇ ಬೇಗ ಆಗಲಿ ಎಂದು ನೆಟ್‌ವರ್ಕ್ ಕಾರ್ಡಿಗೆ ಒಪ್ಪಿಸಬಹುದು. ಕಾರ್ಡಿಗೆ ಕೆಲಸ ಹೇಳಿಕೊಡುವ ತಂತ್ರಾಂಶವೇ ಡ್ರೈವರ್. ಅವನು ಕಾರ್ಡಿನ ಆಯ್ಕೆಗಳ ಪಟ್ಟಿ ತೆರೆದು, ಮೇಲಿಂದ ಕೆಳಗೆ ಒಂದೊಂದು ಸಾಲನ್ನೂ ಓದಿದ. ಹಾಗೆ ಓದಿದ್ದು ಅದೇ ಮೊದಲು. ಹನ್ನೆರಡನೆಯ ಸಾಲಿನಲ್ಲಿ, ಕತ್ತರಿಸುವ ಕೆಲಸ ಕಾರ್ಡಿಗೆ ಕೊಡಬೇಕೆ ಎಂಬ ಪ್ರಶ್ನೆಯ ಮುಂದೆ ಹೊಸ ಡ್ರೈವರ್ ತಾನಾಗಿಯೇ "ಹೌದು" ಎಂದು ಹಾಕಿಕೊಂಡಿತ್ತು. ಅವನು "ಬೇಡ" ಮಾಡಿ ಫೈಲು ಕಳಿಸಿದ.

ಆರು ಸೆಕೆಂಡು.

ಕಾರ್ಡು ಅವಸರದಲ್ಲಿ ತಪ್ಪಾಗಿ ಕತ್ತರಿಸುತ್ತಿತ್ತು. ಸರ್ವರು ಆ ಚೂರುಗಳನ್ನು ಒಪ್ಪದೆ ಎಸೆದು ಮತ್ತೆ ಕೇಳುತ್ತಿತ್ತು, ಕಾರ್ಡು ಎಷ್ಟೋ ಸಲ ತಪ್ಪಾಗಿ ಕತ್ತರಿಸಿ ಕೊನೆಗೊಮ್ಮೆ ಸರಿಯಾಗಿ ಕಳಿಸುತ್ತಿತ್ತು. ತರಿಸುವಾಗ ಕತ್ತರಿಸುವುದು ಸರ್ವರು, ಹಾಗಾಗಿ ಆಗ ಎಲ್ಲವೂ ಸರಿ.

ಬೇರೆ ದಿನವಾಗಿದ್ದರೆ ಅವನು ಇಷ್ಟು ಹೊತ್ತಿಗೆ ಸ್ಕೂಟರಿನ ಮೇಲಿರುತ್ತಿದ್ದ. ಈಗ ಆ ಸಾಲನ್ನು ಮತ್ತೆ "ಹೌದು" ಮಾಡಿ, ಮತ್ತೊಮ್ಮೆ ಕಳಿಸಿ, ಪೂರಾ ನಾಲ್ಕು ನಿಮಿಷ ಪಟ್ಟಿಯನ್ನೇ ದಿಟ್ಟಿಸಿ ನಿಂತ. ಅನುಮಾನ ಉಳಿಯಲಿಲ್ಲ. ಹೊಸ ಡ್ರೈವರ್ ಕಿತ್ತು, ಹಳೆಯದನ್ನು ಹಾಕಿ, ಮೂರು ಸಲ ಕಳಿಸಿ ನೋಡಿದ.

"ಡ್ರೈವರ್‌ದು ತಪ್ಪು," ಎಂದ.

"ನಾನೇನು ಮಾಡಿದೆ ಸರ್?" ಬಾಗಿಲಲ್ಲಿ ಆಂಬುಲೆನ್ಸ್ ಡ್ರೈವರ್ ನಿಂತಿದ್ದ.

"ನೀನಲ್ಲ ಮಾರಾಯ. ಇದರೊಳಗಿಂದು. ಹಾಕಿದ್ದು ನಾನು."

ಸ್ಕ್ಯಾನ್ ಅಕ್ಕ ಪುಸ್ತಕ ಮುಚ್ಚಿ ಖಾನೆಯಲ್ಲಿಟ್ಟಳು. "ನನಗೆ ಹೇಳಿ ಏನುಪಯೋಗ? ನನಗೆ ಮೂರು ವಾರದಿಂದ ಗೊತ್ತು."

ಅವನು ಗುಮಾಸ್ತನ ಬಳಿಗೆ ಹೋದ. ಗುಮಾಸ್ತ ರಿಜಿಸ್ಟರ್ ಮುಂದೆ ತಳ್ಳಿದ. "ಬರೆದ್ಬಿಡಿ. ಡಾಕ್ಟರಮ್ಮ ತಿಂಗಳ ಕೊನೆಗೆ ನೋಡ್ತಾರೆ."

"ಆರ್ಡರ್‌ಗೆ ಸೈನ್?"

"ಅದು ಈಗಲೇ. ಥಿಯೇಟರಿಂದ ಬರ್ತಾ ಬಾಗಿಲಲ್ಲೇ ಹಾಕ್ತಾರೆ, ಹಾಕಿ ಊಟಕ್ಕೆ ಹೋಗ್ತಾರೆ. ಒಂದು ಚೀಟಿ ಬರೆದು ಕೊಡಿ, ಆರ್ಡರ್ ಜೊತೆ ಇಡ್ತೀನಿ."

ಅವನು ಪೆನ್ನು ತೆಗೆದ. ರಿಜಿಸ್ಟರಿನ ಪುಟದಲ್ಲಿ ದೀರ್ಘ ತಪ್ಪಿದ ಆ ಪದವೂ ಅದರ ಕೆಳಗೆ ತನ್ನ ಎರಡು ಸಾಲೂ ಇದ್ದವು. ಓದಿದ. ಅಕ್ಷರ ಚೆನ್ನಾಗಿಯೇ ಇತ್ತು. ಪೆನ್ನಿನ ಮುಚ್ಚಳ ಹಾಕಿ ಜೇಬಿಗಿಟ್ಟು ಮೆಟ್ಟಿಲು ಹತ್ತಿದ.

ಥಿಯೇಟರಿನ ಮುಂದೆ ಉದ್ದನೆಯ ಬೆಂಚು. ಹಸಿರು ಟೋಪಿ ಹಾಕಿಕೊಂಡ ನಾಲ್ಕು ಜನ ಸಾಲಾಗಿ ಕೂತು ಸರದಿ ಕಾಯುತ್ತಿದ್ದರು. ನರ್ಸ್ ಬಾಗಿಲು ಅರ್ಧ ತೆರೆದು ಅವನನ್ನು ನೋಡಿ ಹುಬ್ಬೇರಿಸಿದಳು. "ಬಂದೋದ್ರು ಇಲ್ಲಿ? ಏನು ಕೆಟ್ಟಿದೆ?"

"ಏನಿಲ್ಲ. ಡಾಕ್ಟರಮ್ಮನ ಹತ್ರ ಒಂದು ಮಾತಿತ್ತು."

"ಇನ್ನೂ ನಾಲ್ಕು ಕಣ್ಣಿವೆ. ಹೇಳಿಕಳಿಸ್ಲಾ?"

"ಬೇಡ. ಬಾಯಲ್ಲೇ ಹೇಳ್ಬೇಕು."

"ಎರಡು ಗಂಟೆ ಹಿಡಿಯುತ್ತೆ ಸರ್."

ಜೇಬಿನಲ್ಲಿ ಫೋನು ಗುಂಯ್‌ಗುಡತೊಡಗಿತು. ಶಾಲೆಯವರು. ಅದಕ್ಕೂ ಮೊದಲು ಮುದ್ರಣಾಲಯದವರು ಐದು ಸಲ ಮಾಡಿದ್ದರು. ಅವನು ಅದನ್ನು ಆರಿಸಿದ. ಆಮೇಲೆ ಹೆಗಲಿನಿಂದ ಬ್ಯಾಗು ಇಳಿಸಿ ಬೆಂಚಿನ ಕೆಳಗೆ ತಳ್ಳಿ, ತುದಿಯಲ್ಲಿ ಕೂತ. ಬ್ಯಾಗಿನ ಪಟ್ಟಿ ಇದ್ದ ಕಡೆ ಅಂಗಿ ಹೆಗಲಿಗೆ ಅಂಟಿಕೊಂಡಿತ್ತು. ಮೊಣಕಾಲು ಒಂದೇ ಸಮ ಕುಣಿಯುತ್ತಿತ್ತು. ಅದರ ಮೇಲೆ ಕೈ ಇಟ್ಟು ಒತ್ತಿ ಹಿಡಿದ.

ಪಕ್ಕದಲ್ಲಿದ್ದ ಮುದುಕ ಬೆಂಚಿನ ಅಲುಗಾಟ ಗಮನಿಸಿ ಮಬ್ಬುಗಣ್ಣು ಅವನ ಕಡೆ ತಿರುಗಿಸಿದ.

"ನಿಮಗೂ ಹನಿ ಹಾಕಿದ್ರಾ?"

"ಹೂಂ, ಹಾಕಿದ್ರು."

"ಹಾಗಾದ್ರೆ ಕಣ್ಮುಚ್ಕೊಂಡು ಸುಮ್ನೆ ಕೂತ್ಕೊಳ್ಳಿ ತಮ್ಮ. ನಿಧಾನಕ್ಕೆ ಹತ್ತುತ್ತೆ ಅದು."

ಅವನು ಕಣ್ಣು ಮುಚ್ಚಿಕೊಂಡ.