ಕಾಲ್ಚೀಲ ಬಿಚ್ಚಿಸುವ ಡಾಕ್ಟರಮ್ಮ

ಮಧುಮೇಹವನ್ನು ರಕ್ತದಲ್ಲಿ ಹುಡುಕುವ ವೈದ್ಯರು ಬೇಕಾದಷ್ಟು ಮಂದಿ. ಅದನ್ನು ಕತ್ತಿನ ಕಪ್ಪಿನಲ್ಲಿ, ಬೆರಳ ಸಂದಿಯ ತುರಿಕೆಯಲ್ಲಿ, ಮಾಯಲೊಲ್ಲದ ಸಣ್ಣ ಗಾಯದಲ್ಲಿ ಗುರುತಿಸಬಲ್ಲವರು ವಿರಳ. ಆ ವಿರಳರಲ್ಲಿ ಅಗ್ರಗಣ್ಯರಾದ ನಮ್ಮ ಚರ್ಮವೈದ್ಯೆಯವರು ನಿವೃತ್ತರಾಗುತ್ತಿದ್ದಾರೆಂದರೆ ಆಸ್ಪತ್ರೆಯಲ್ಲಿ ಯಾರೂ ಇನ್ನೂ ನಂಬಲು ತಯಾರಿಲ್ಲ!

ಸೇವೆಗೆ ಸೇರಿದಾಗ ಅವರಿಗೆ ದಕ್ಕಿದ್ದು ಮೆಟ್ಟಿಲ ಕೆಳಗಿನ ಕೋಣೆ, ಒಂದು ಸ್ಟೂಲು, ಕತ್ತು ನಿಲ್ಲದ ಮೇಜುದೀಪ. ಕೈಯ ತುರಿಕೆಗೆ ಮುಲಾಮು ಕೇಳಿ ಬಂದವರಿಗೂ "ಕಾಲ್ಚೀಲ ಬಿಚ್ಚಿ, ಪಾದ ತೋರ್ಸಿ" ಎಂದೇ ಮೊದಲ ಮಾತು. ಮಗಳ ಕತ್ತಿನ ಕಪ್ಪು ಕೊಳೆಯೆಂದು ಕಲ್ಲಿನಿಂದ ಉಜ್ಜಿ ಗಾಯ ಮಾಡಿದ್ದ ತಾಯಿಯನ್ನು ಗದರಲಿಲ್ಲ, "ಇದು ಕೊಳೆ ಅಲ್ಲಮ್ಮಾ, ಉಜ್ಜಿದ್ರೆ ಹೋಗಲ್ಲ. ಸಕ್ಕರೆ ಪರೀಕ್ಷೆ ಮಾಡ್ಸೋಣ" ಎಂದು ತಾವೇ ಆ ಹುಡುಗಿಯ ಕೈಹಿಡಿದು ಪ್ರಯೋಗಾಲಯಕ್ಕೆ ನಡೆದರು.

ಇದನ್ನೆಲ್ಲ ಕಂಡು ನಗುತ್ತಿದ್ದವರು ಪಕ್ಕದ ಕೋಣೆಯ ಶಸ್ತ್ರವೈದ್ಯರು. ಅವರಿಗೂ ಸಕ್ಕರೆ ಕಾಯಿಲೆಯುಂಟು. ಕೊಳೆತ ಪಾದಗಳನ್ನು ಕತ್ತರಿಸಿ ಕೈಪಳಗಿದವರು ತಮ್ಮ ಪಾದವನ್ನು ಮಾತ್ರ ನೋಡಿಕೊಂಡವರಲ್ಲ. ದೀಪದ ಕೆಳಗೆ ಕತ್ತಲೆಂದರೆ ಇದೇ ತಾನೆ? "ಅಕ್ಕಾ, ನಿಮ್ಮ ಪಾದಪೂಜೆ ಮುಗೀತಾ?" ಎಂದು ದಿನವೂ ಕಿಚಾಯಿಸುವರು.

ಬೀಳ್ಕೊಡುಗೆಯ ಸಿದ್ಧತೆಗೆಂದು ಎಲ್ಲರೂ ಸೇರಿದ್ದ ದಿನ, ವೇದಿಕೆಯ ಕುರಿತು ವಾದಿಸುತ್ತ ಅತ್ತಿತ್ತ ನಡೆಯುತ್ತಿದ್ದ ಶಸ್ತ್ರವೈದ್ಯರ ಬೂಟಿನ ಅಂಚಿನಲ್ಲಿ ಒದ್ದೆ ಕಲೆಯೊಂದು ಅಕ್ಕನ ಕಣ್ಣಿಗೆ ಬಿತ್ತು.

"ಬೂಟು ಬಿಚ್ಚಪ್ಪಾ."

"ಹೋಗೋ ಹೊತ್ತಲ್ಲೂ ಬಿಡಲ್ವಾ ಅಕ್ಕಾ?"

"ಬಿಚ್ಚು ಅಂದ್ರೆ ಬಿಚ್ಚು!"

ಬೂಟಿನಿಂದ ಟಣ್ಣೆಂದು ಬಿದ್ದದ್ದು ಅಂಗಿಯ ಗುಂಡಿ. ಕಾಲ್ಚೀಲ ಬಿಚ್ಚಿದರೆ ಹೆಬ್ಬೆರಳ ಬುಡದಲ್ಲಿ ಹುಣ್ಣು, ಕೀವು. ಅಬ್ಬಾ, ಅಂಥ ಧೈರ್ಯಸ್ಥರ ಮುಖವೂ ಬಿಳಿಚಿಕೊಂಡಿತು! ಇಂಥ ಹುಣ್ಣು ಎಲ್ಲಿಗೆ ಮುಟ್ಟುತ್ತದೆಂದು ಅವರಿಗಿಂತ ಬಲ್ಲವರಾರು?

"ನೋವೇ ಇರ್ಲಿಲ್ಲ ಅಕ್ಕಾ... ಕಾಲು ಹೋಗತ್ತಾ?"

"ನೋವಿಲ್ದೇ ಇದ್ದದ್ದೇ ಅಪಾಯ ಕಣಪ್ಪಾ, ಸಕ್ಕರೆ ಪಾದದ ಸ್ಪರ್ಶಾನೇ ತಿಂದ್ಬಿಟ್ಟಿದೆ. ಕೂತ್ಕೋ, ನೋಡೋಣ."

ಎಲುಬಿಗೆ ಇನ್ನೂ ತಾಗಿರಲಿಲ್ಲ. ಮಿಕ್ಕಿದ್ದ ರಜೆಯನ್ನೆಲ್ಲ ಬಿಟ್ಟುಕೊಟ್ಟು ಅಕ್ಕ ದಿನವೂ ಬಂದು ಗಾಯ ತೊಳೆದರು, ಪಟ್ಟಿ ಕಟ್ಟಿದರು, ನೆಲಕ್ಕೆ ಕಾಲೂರಿದರೆ ಬೈದರು. ಗಾಯ ಮಾಯಿತು, ಕಾಲು ಉಳಿಯಿತು. ನಮಗಾದ ಸಂತೋಷವನ್ನು ಹೇಗೆ ಬರೆಯುವುದು!

ಪೂಜ್ಯರಾದ ಡಾಕ್ಟರಮ್ಮನವರು ನೂರ್ಕಾಲ ಬಾಳಲಿ; ನಿವೃತ್ತಿಯ ಮರುದಿನವೇ ಮೆಟ್ಟಿಲ ಕೆಳಗಿನ ಸ್ಟೂಲಿಗೆ ಮರಳಿ ಬರಲಿ ಎಂಬುದೇ ನಮ್ಮ ಪ್ರಾರ್ಥನೆ. ಅಲ್ಲಿ ಮೊದಲ ರೋಗಿಯ ಜಾಗವನ್ನು ಶಸ್ತ್ರವೈದ್ಯರು ಈಗಾಗಲೇ ಹಿಡಿದಾಗಿದೆ. ಈಚೆಗೆ ಅವರು ಆ ಬಾಗಿಲು ದಾಟುವಾಗಲೆಲ್ಲ, ಯಾರೂ ಕೇಳುವ ಮೊದಲೇ, ಕಾಲ್ಚೀಲ ಬಿಚ್ಚಿ ಕೈಯಲ್ಲಿ ಹಿಡಿದಿರುತ್ತಾರೆ.