ಮೂರು ತಂತಿ ಇಳಿಸುವಷ್ಟು ಹೊತ್ತು

ಎಪ್ಪತ್ತರ ದಶಕದ ಕೊನೆಯಲ್ಲಿ ರಾಯಚೂರಿನ ಒಂದು ಆರ್ಕೆಸ್ಟ್ರಾದಲ್ಲಿ ನಾನು ಎಲೆಕ್ಟ್ರಿಕ್ ಗಿಟಾರ್ ಬಾರಿಸುತ್ತಿದ್ದೆ. ಆರ್ಕೆಸ್ಟ್ರಾ ಅಂದರೆ ಏನು? ಜರಿ ಕೋಟು ಹಾಕಿದ ಏಳು ಮಂದಿ, ಎರಡು ಮೈಕು, ಯಾರದೋ ಹಾಡು. ಅದರೊಳಗೆ ನನ್ನ ಸೊಕ್ಕು ಬೇರೆ. ಎಸ್ಸೆಸ್ಸೆಲ್ಸಿ ಪಾಸಾದವನು ನಾನೊಬ್ಬನೇ ಆಗಿದ್ದೆ; ಅಷ್ಟಕ್ಕೇ ವಿದ್ವಾಂಸನೆಂದುಕೊಂಡಿದ್ದೆ.

ಗಿಟಾರ್ ಒಂದೇ, ಶ್ರುತಿ ಎರಡು. ಸಾಮಾನ್ಯ ಹಾಡುಗಳಿಗೆ ಒಂದು. ಜಿನ್ನಿಂಗ್ ಮಿಲ್ಲಿನಿಂದ ತಂದ ಉಕ್ಕಿನ ಕೊಳವೆಯ ತುಂಡನ್ನು ತಂತಿಯ ಮೇಲೆ ಜಾರಿಸಿ ನುಡಿಸುವ ಹಾಡುಗಳಿಗೆ ಇನ್ನೊಂದು. ಅದಕ್ಕೆ ಆರರಲ್ಲಿ ಮೂರು ತಂತಿಗಳನ್ನು ಒಂದೊಂದು ಸ್ವರ ಇಳಿಸಬೇಕು. ಬರೀ ಇಳಿಸಿ ಬಿಟ್ಟರೆ ತಂತಿ ಆಮೇಲೆ ಇನ್ನೂ ಜಾರುತ್ತದೆ. ಬೇಕಾದುದಕ್ಕಿಂತ ತುಸು ಕೆಳಗಿಳಿಸಿ ಮೇಲಕ್ಕೆ ತರಬೇಕು. ಎಷ್ಟು ತಿರುವಬೇಕೆಂದು ತಂತಿ ಬಿಗಿಯುವ ಬಿರಡೆಗಳ ಮೇಲೆ ತಂಗಿಯ ಉಗುರುಬಣ್ಣದಿಂದ ಚುಕ್ಕೆ ಇಟ್ಟುಕೊಂಡಿದ್ದೆ. ಚುಕ್ಕೆ ನೋಡಿ ತಿರುವಿ, ಸ್ಪೀಕರಿನ ಸದ್ದು ಬಂದ್ ಮಾಡಿ, ಗಿಟಾರಿನ ಕಟ್ಟಿಗೆಗೆ ಕಿವಿ ಹಚ್ಚಿ ಸರಿಪಡಿಸಿದರೆ ಮುಗಿಯಿತು. ಬೀಡಿ ಹಚ್ಚುವಷ್ಟು ಹೊತ್ತಿನ ಕೆಲಸ.

ನಾನು ಬೀಡಿ ಸೇದಿ ಮುಗಿಸುವಷ್ಟು ಹೊತ್ತು ಮಾಡುತ್ತಿದ್ದೆ. ಬೇಗ ಮುಗಿದರೆ ಅದೊಂದು ವಿದ್ಯೆಯೆಂದು ಜನಕ್ಕೆ ತಿಳಿಯುವುದಾದರೂ ಹೇಗೆ? ಆ ಖಾಲಿ ಹೊತ್ತನ್ನು ನಮ್ಮ ನಿರೂಪಕ ತುಂಬುತ್ತಿದ್ದ. ಆ ಮಹಾಶಯನಿಗೆ ಬರುತ್ತಿದ್ದ ಹಾಸ್ಯ ಒಂದೇ: ನಮ್ಮ ಡೋಲಕ್ ಕಾಕಾನ ತೊದಲು. ಕಾಕಾ ಮಾನ್ವಿಯವರು, ಕೂಲಿ ಮನೆತನದವರು, ನನಗಿಂತ ಹದಿನೈದು ವರ್ಷ ದೊಡ್ಡವರು. ಅವರ ಕೈ ಎಂದೂ ತಡವರಿಸಿದ್ದಿಲ್ಲ. ಜನ ಅದಕ್ಕೇ ಚಪ್ಪಾಳೆ ತಟ್ಟುತ್ತಿದ್ದರು. ನನಗೆ ಅದೇ ಉರಿ.

ಒಂದು ಮಧ್ಯಾಹ್ನ ದೇವದುರ್ಗದಲ್ಲಿ ಮದುವೆಯ ಕಾರ್ಯಕ್ರಮ. ಶುರುವಾಗುವ ಮೊದಲು ಕಾಕಾ ನನ್ನ ಹತ್ತಿರ ಬಂದರು.

"ತ... ತಮ್ಮಾ, ಇವತ್ತೊಂದಿನ ತಂತಿ ಜಲ್ದಿ ಮಾಡಪ್ಪ. ನಮ್ಮ ಮಗಳನ್ನ ಮ... ಮನಿಗಿ ತುಂಬಿಸ್ಕೊಳ್ಳಾವ್ರು ಮುಂದ ಕುಂತಾರ. ಇನ್ನಾ ಮಾತು ಮುಗಿದಿಲ್ಲ."

"ಇದೇನು ನಿನ್ನ ಡೋಲಕ್ಕಿನ ಹಗ್ಗ ಅಂತ ತಿಳಿದಿಯೇನೋ ಕಾಕಾ, ಜಗ್ಗಿದ್ರ ಆತು ಅನ್ನಾಕ? ಎಲೆಕ್ಟ್ರಿಕ್ ಅದ ಇದು," ಎಂದೆ.

ನಾಲ್ಕನೇ ಹಾಡು ಮುಗಿಯಿತು. ನಾನು ಬಿರಡೆಗೆ ಕೈ ಹಾಕಿದೆ, ಎಂದಿಗಿಂತ ನಿಧಾನವಾಗಿ. ನಿರೂಪಕ ಮೈಕು ಹಿಡಿದ.

"ನಮ್ಮ ಕಾಕಾ ಊಟಾ ಆತೇನ್ರೀ ಅಂತ ಕೇಳಾಕ ಸುರು ಮಾಡಿದ್ರ, ಕೇಳಿ ಮುಗಿಸೂದ್ರಾಗ ಉಂಡವ್ರಿಗಿ ಮತ್ತ ಹಸಿವ್ಯಾಗಿರ್ತದ ನೋಡ್ರೀ!"

ಚಪ್ಪರ ನಕ್ಕಿತು. ಮುಂದಿನ ಸಾಲಿನಲ್ಲಿ ಕೂತಿದ್ದ, ಕಾಕಾನ ಬೀಗರಾಗಬೇಕಿದ್ದ ಹಿರಿಯರು ನಗಲಿಲ್ಲ. ಎರಡನೆಯ ಮಾತಿಗೆ ನಿರೂಪಕ ಬಾಯಿ ತೆರೆಯುವುದರೊಳಗೆ ಕಾಕಾ ಡೋಲಕ್ ಎಳೆದುಕೊಂಡು ಒಬ್ಬರೇ ಬಾರಿಸತೊಡಗಿದರು. ಅಂಥ ಕೈ ನಾನು ಆಮೇಲೆ ಕೇಳಿಲ್ಲ. ನಕ್ಕವರೇ ಶಿಳ್ಳೆ ಹೊಡೆದರು.

ಆ ಸದ್ದಿನಲ್ಲಿ ಕಟ್ಟಿಗೆಗೆ ಎಷ್ಟು ಕಿವಿ ಹಚ್ಚಿದರೂ ನನಗೆ ತಂತಿ ಕೇಳಲಿಲ್ಲ. ಸುಮ್ಮನೆ ಚುಕ್ಕೆ ನಂಬಿ ತಿರುವಿದೆ. ಹಾಡು ಎತ್ತಿಕೊಂಡಾಗ ಗಿಟಾರ್ ಒಂದು ದಾರಿ, ಹಾರ್ಮೋನಿಯಂ ಒಂದು ದಾರಿ. ಹಾಡುವವನು ನಡುವೆಯೇ ನಿಂತುಬಿಟ್ಟ.

ಆರ್ಕೆಸ್ಟ್ರಾದ ಮಾಲಕ ಸಿಟ್ಟಿನಿಂದ ವೇದಿಕೆಗೆ ಬಂದ. "ಯಾರಲೇ ಕೆಡಿಸಿದವ?"

ಕಾಕಾ ನನ್ನ ಕಡೆ ಕೈ ಮಾಡಲಿಲ್ಲ. ಮಾತಿನಲ್ಲೇ ಹೇಳಲು ಹೋದರು. "ತ... ತ..." ಎಂದರು. ತಂತಿ ಎನ್ನುವ ಮಾತು ಅದು. ಅಷ್ಟರೊಳಗೆ ನಾನು ಮಾಲಕನಿಗೆ ಹೇಳಿದೆ: "ತಾಳ ತಪ್ಪ್ಯಾನ್ರೀ ಕಾಕಾ."

ಅಷ್ಟು ಜಲ್ದಿ ನಾನು ಯಾವ ತಂತಿಯನ್ನೂ ತಿರುವಿದ್ದಿಲ್ಲ.

ಮಾಲಕ ಮೈಕು ಬಂದ್ ಮಾಡುವ ಸೌಜನ್ಯವನ್ನೂ ತೋರದೆ ಅವರನ್ನು ಬೈದು ಕೆಳಗಿಳಿಸಿದ. ಕಾಕಾ ಡೋಲಕ್ ಹೆಗಲಿಗೆ ಹಾಕಿಕೊಂಡು ಮುಂದಿನ ಸಾಲನ್ನು ದಾಟಿಯೇ ಹೊರಗೆ ಹೋಗಬೇಕಾಯಿತು. ಆ ಹಿರಿಯರು ತಲೆ ತಗ್ಗಿಸಿ ಕೂತಿದ್ದರು. ನಾನು ಮೂರು ತಂತಿಗಳನ್ನು ಮತ್ತೆ ಸರಿ ಮಾಡಿಕೊಂಡೆ. ಈ ಸಲ ಎಲ್ಲರೂ ಸುಮ್ಮನಿದ್ದರು, ಚೆನ್ನಾಗಿ ಕೇಳಿಸಿತು.

ಆ ಸಂಬಂಧ ಕೂಡಲಿಲ್ಲವೆಂದು ಆಮೇಲೆ ನಿರೂಪಕನೇ ಹೇಳಿದ, ಅದನ್ನೂ ನಗುತ್ತಲೇ. ಯಾಕೆಂದು ನಾನು ಕೇಳಲಿಲ್ಲ. ಕೇಳಿದ್ದರೆ ಮಾನ್ವಿಗೆ, ಕಾಕಾನ ಮನೆಗೆ ಹೋಗಬೇಕಾಗುತ್ತಿತ್ತು. ರಾಯಚೂರಿನಿಂದ ಮಾನ್ವಿಗೆ ದಿನವಿಡೀ ಬಸ್ಸುಗಳಿದ್ದವು.